ಮೀನಕ್ಕನ ಹೇಸಿಗೆ

ಅವಳನ್ನು ಎಲ್ಲರೂ ಮೀನಕ್ಕ ಎಂದೇ ಕರೆಯುತ್ತಿದ್ದರು. ಬೀದಿಗೆ ಹೊಸದಾಗಿ ಬಂದವರು ಅವಳ ಹೆಸರು ಮೀನಾ ಇರಬೇಕು ಅಂದುಕೊಂಡು, "ಮೀನಾ ಅವರೇ" ಎಂದು ಮರ್ಯಾದೆಯಿಂದ ಮಾತಾಡಿಸಿದರೆ, ಕೈಯಲ್ಲಿದ್ದ ಕರುಳನ್ನು ಡಬ್ಬಕ್ಕೆ ಎಸೆಯುತ್ತ, "ನಾನು ಮೀನಾ ಅಲ್ಲಪ್ಪ, ಬರೀ ಮೀನು" ಅನ್ನುತ್ತಿದ್ದಳು. ನಗಬೇಕೋ ಬೇಡವೋ ತಿಳಿಯದೆ ಅವರು ಚೀಲದ ಬಾಯಿ ಬಿಡಿಸುವ ನೆಪದಲ್ಲಿ ಮುಖ ತಗ್ಗಿಸುತ್ತಿದ್ದರು.

ಹೊಳೆದಡದ ಮೀನುಮಾರುಕಟ್ಟೆಯಲ್ಲಿ ಮೀನು ಕೊಯ್ದು ಕೊಡುವುದು ಅವಳ ಕೆಲಸ. ಮೇಲೆ ತಗಡಿನ ಮಾಡು, ಕೆಳಗೆ ಸಾಲಾಗಿ ಕಲ್ಲಿನ ಚಪ್ಪಡಿ, ಚಪ್ಪಡಿಗೊಂದು ನಲ್ಲಿ, ನಲ್ಲಿಯ ನೀರು ಹರಿದು ಹೋಗಲು ಉದ್ದಕ್ಕೂ ಒಂದು ಮೋರಿ. ಕೊಂಡ ಮೀನನ್ನು ಜನ ಅವಳ ಮುಂದೆ ಸುರಿದರೆ, ಪರೆ ಹೆರೆದು, ಕಿವಿರು ಕಿತ್ತು, ಹೊಟ್ಟೆ ಸೀಳಿ, ಕರುಳು ತೆಗೆದು, ತುಂಡು ಮಾಡಿ, ತೊಳೆದು ಕೊಡುತ್ತಿದ್ದಳು. ಮೋರಿಯಲ್ಲಿ ರಕ್ತ, ಪಿತ್ತ, ಲೋಳೆ ಒಟ್ಟಾಗಿ ಹರಿಯುತ್ತಿದ್ದವು. ಕಾಲ್ಬೆರಳ ಸಂದಿಯಲ್ಲಿ ಪರೆ ಅಂಟಿರುತ್ತಿತ್ತು. ನೊಣ ಹುಬ್ಬಿನ ಮೇಲೆ ಕೂತರೂ ಓಡಿಸಲು ಕೈ ಬಿಡುವಿರುತ್ತಿರಲಿಲ್ಲ. ಇಷ್ಟರ ನಡುವೆಯೇ ಅವಳು ಬುತ್ತಿ ಬಿಚ್ಚಿ ಉಣ್ಣುತ್ತಿದ್ದಳು. ಮೂಗು ಮುಚ್ಚಿಕೊಂಡು ನಿಂತ ಗಿರಾಕಿಗಳಿಗೆ, "ನಮ್ಮ ಹೊಟ್ಟೆ ಸೀಳಿದ್ರೂ ಇಷ್ಟೇ ಕಣಮ್ಮ ಇರೋದು, ಇದಕ್ಕಿಂತ ಚೆಂದ ಏನಿರಲ್ಲ" ಎಂದು ಸಮಾಧಾನ ಹೇಳುತ್ತಿದ್ದಳು. ಹೇಸಿಗೆ ಅನ್ನುವುದು ಅವಳ ಹತ್ತಿರ ಸುಳಿದಿರಲಿಲ್ಲ. ಗಂಡ ಬಲೆ ಹೆಣೆಯುವವನು. ಮದುವೆಯಾದ ಹೊಸದರಲ್ಲಿ ಅವನು, "ನಿನಗೆ ದೇವರು ಮೂಗು ಇಟ್ಟಿರೋದು ಮುಖ ಬೋಳಾಗಿ ಕಾಣಬಾರದು ಅಂತ ಅಷ್ಟೇ" ಎಂದು ಕೀಟಲೆ ಮಾಡಿದ್ದ.

ಭಾನುವಾರ ಮಾತ್ರ ಅವಳು ಸೋಪು ಸವೆಯುವಷ್ಟು ತಿಕ್ಕಿ ತಿಕ್ಕಿ ಮಿಂದು ಚರ್ಚಿಗೆ ಹೋಗುತ್ತಿದ್ದಳು. ಆದರೂ ವಾಸನೆ ಹೋಗುತ್ತಿರಲಿಲ್ಲ. ಅವಳು ಕೂತ ಬೆಂಚಿನಲ್ಲಿ ಜನ ನಯವಾಗಿ ಒಂದಿಷ್ಟು ಸರಿದು ಕೂರುತ್ತಿದ್ದರು. ಒಮ್ಮೆ ಅವಳ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, "ನೀನು ಕಿಟಕಿ ಪಕ್ಕ ಕೂತ್ಕೋಮ್ಮ, ನಿನಗೂ ಗಾಳಿ ಬರುತ್ತೆ" ಅಂದಿದ್ದಳು. ಮೀನಕ್ಕ ಬೇಜಾರು ಮಾಡಿಕೊಳ್ಳದೆ ಕಿಟಕಿ ಪಕ್ಕಕ್ಕೆ ಹೋಗಿ ಕೂತಳು. ಅಲ್ಲಿಂದ ಹೊಳೆ ಕಾಣುತ್ತಿತ್ತು. ಪಾಸ್ಟರ ಪ್ರಸಂಗ ಉದ್ದವಾದರೆ ಹೊಳೆಯನ್ನಾದರೂ ನೋಡಬಹುದಲ್ಲ ಎಂದು ಅವಳಿಗೆ ಖುಷಿಯೇ ಆಗಿತ್ತು.

ಅವಳ ವಿಶ್ವಾಸ ಅವಳ ಕಸುಬಿನೊಳಗಿಂದಲೇ ಬೆಳೆದದ್ದು. ಸುವಾರ್ತೆಯಲ್ಲಿ ಅವಳಿಗೆ ತುಂಬ ಇಷ್ಟವಾದ ಜಾಗ ಒಂದೇ. ಕರ್ತನು ಶಿಲುಬೆಯಲ್ಲಿ ಸತ್ತು, ಮತ್ತೆ ಎದ್ದು ಬಂದ ಮೇಲೆ ಬೆಳಗ್ಗೆ ದಡದಲ್ಲಿ ಕೆಂಡ ಮಾಡಿ, ಮೀನು ಸುಡುತ್ತ, ದಣಿದು ಬಂದ ಶಿಷ್ಯರನ್ನು ಊಟಕ್ಕೆ ಕರೆಯುವುದು. "ಆ ಮೀನು ಕೊಯ್ದವರು ಯಾರು ಹೇಳಿ?" ಎಂದು ಅವಳು ಗಂಡನನ್ನು ಕೇಳುತ್ತಿದ್ದಳು. "ಶಿಷ್ಯರೆಲ್ಲ ದೋಣೀಲಿದ್ರು. ಅಲ್ಲಿ ಇನ್ಯಾರೂ ಇರ್ಲಿಲ್ಲ. ಅವನೇ ಕೊಯ್ದಿರಬೇಕು, ಆ ತೂತುಬಿದ್ದ ಕೈಯಲ್ಲೇ. ಅವನ ಉಗುರಲ್ಲೂ ಪರೆ ಸಿಕ್ಕಿಕೊಂಡಿರುತ್ತೆ." ಗಂಡ ಬಲೆಯ ಗಂಟಿನಿಂದ ಕಣ್ಣೆತ್ತದೆ, "ಇದ್ದರೂ ಇರಬಹುದು ಬಿಡು" ಅನ್ನುತ್ತಿದ್ದ. ಅವಳಿಗೆ ಅಷ್ಟು ಸಾಕಾಗುತ್ತಿತ್ತು.

ಆ ಚರ್ಚಿನ ಸಭೆ ಹುಟ್ಟಿದ್ದೂ ಮೀನಿನಿಂದಲೇ. ಅದನ್ನು ಮೀನಕ್ಕ ಅಜ್ಜಿಯ ಬಾಯಿಂದ ಎಷ್ಟೋ ಸಲ ಕೇಳಿದ್ದಳು. ಬಹಳ ಹಿಂದೆ ಒಬ್ಬ ಬೋಧಕ ಒಂದು ಟ್ರಂಕು ಹಿಡಿದು ದೋಣಿಯಲ್ಲಿ ಬಂದಿಳಿದ. ದಡದಲ್ಲಿ ನಿಂತು ದಿನವೂ ಮಾತಾಡಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಹಸಿವಿನ ವರ್ಷ ಬಂತು. ಹೊಲದಲ್ಲಿ ಏನೂ ಇಲ್ಲ, ಹೊಳೆಯಲ್ಲಿ ಮಾತ್ರ ಮೀನಿತ್ತು. ಬೋಧಕ ಮಾತು ನಿಲ್ಲಿಸಿ ಬೆಸ್ತರ ಹತ್ತಿರ ಮೀನು ಬೇಡಿದ, ದಡದಲ್ಲೇ ದೊಡ್ಡ ಹಂಡೆ ಇಟ್ಟು ಬೇಯಿಸಿದ, ಬಂದವರು ಯಾರು ಎತ್ತ ಎಂದು ಕೇಳದೆ ಬಡಿಸಿದ. ಎಲ್ಲರದೂ ಆದ ಮೇಲೆ ಬಾಲದ ತುಂಡು ಉಳಿದರೆ ತಾನು ತಿನ್ನುತ್ತಿದ್ದನಂತೆ. ಆ ಹಂಡೆಗೆ ಮೀನು ಕೊಯ್ದು ಹಾಕಿದವಳು ಮೀನಕ್ಕನ ಅಜ್ಜಿಯ ಅಜ್ಜಿ. ಮರುವರ್ಷ ಬೆಸ್ತರ ಕೇರಿಯವರು ಅದೇ ಹೊಳೆಯಲ್ಲಿ ಎದೆಮಟ್ಟ ನಿಂತು ದೀಕ್ಷಾಸ್ನಾನ ತೆಗೆದುಕೊಂಡರು. ಅಂದಿನಿಂದ ವರ್ಷಕ್ಕೊಮ್ಮೆ, ಸಭೆಯ ವಾರ್ಷಿಕ ದಿನ, ಚರ್ಚಿನ ಅಂಗಳದಲ್ಲಿ ಬಂದವರಿಗೆಲ್ಲ ಮೀನಿನ ಊಟ. ಮೀನು ಕೊಯ್ಯುವ ಕೆಲಸ ಅದೇ ಮನೆತನದ ಹೆಂಗಸರದು. ಅದು ಮೀನಕ್ಕನಿಗೆ ಒಡವೆ ಇದ್ದ ಹಾಗೆ. ಆ ದಿನ ಮಾತ್ರ ಅವಳು ಯಾರಿಗೂ ಪಕ್ಕಕ್ಕೆ ಸರಿಯುತ್ತಿರಲಿಲ್ಲ.

ಹೊಳೆ ಕೆಟ್ಟದ್ದು ಒಂದೇ ಸಲಕ್ಕಲ್ಲ. ಮೇಲ್ಗಡೆ ಚರ್ಮ ಹದಮಾಡುವ ಕಾರ್ಖಾನೆ ಬಂತು. ಮೊದಲು ದಡದ ಕಲ್ಲುಗಳ ಮೇಲೆ ಕೆನೆಯಂಥ ನೊರೆ ಕಟ್ಟಿತು. ಆಮೇಲೆ ನೀರಿಗೆ ನೆನೆದ ಚಪ್ಪಲಿಯ ವಾಸನೆ ಹತ್ತಿತು. ಬಟ್ಟೆ ಒಗೆಯುವವರ ಮೊಣಕೈಯಲ್ಲಿ ಕಜ್ಜಿ ಎದ್ದಿತು. ಆಗಲೂ ಮೀನಕ್ಕನಿಗೆ ಏನೂ ಅನ್ನಿಸಲಿಲ್ಲ. ಕಾರ್ಖಾನೆಯವರು ಚರ್ಚಿಗೆ ಫ್ಯಾನು ಕೊಡಿಸಿದಾಗ ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದಳು.

ಒಂದು ಬೆಳಗ್ಗೆ ಚಪ್ಪಡಿಯ ಮೇಲೆ ಒಂದು ಹೊಳೆಮೀನಿನ ಹೊಟ್ಟೆ ಸೀಳಿದಳು. ಕರುಳು ಇರಬೇಕಾದ ಜಾಗದಲ್ಲಿ ಕಪ್ಪಗೆ, ಗೋಂದಿನ ಹಾಗೆ ಏನೋ ತುಂಬಿತ್ತು. ಅದು ಬೆರಳಿಗೆ ಅಂಟಿಕೊಂಡು ಎಳೆ ಎಳೆಯಾಗಿ ಜಗ್ಗಿತು. ಪಿತ್ತದ ಚೀಲ ಕೊಳೆತ ದ್ರಾಕ್ಷಿಯ ಹಾಗೆ ಊದಿಕೊಂಡಿತ್ತು. ಮೀನಕ್ಕನ ಬಾಯಿಯಲ್ಲಿ ಉಪ್ಪುನೀರು ಊರಿತು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಅವಳು ಮೋರಿಗೆ ಬಗ್ಗಿ ವಾಂತಿ ಮಾಡಿಕೊಂಡಳು. ಪಕ್ಕದ ಚಪ್ಪಡಿಯವಳು ನಕ್ಕು, "ಏನಕ್ಕಾ, ಈ ವಯಸ್ಸಲ್ಲಿ ಸಿಹಿಸುದ್ದಿನಾ?" ಅಂದಳು. ಮೀನಕ್ಕ ನಗಲಿಲ್ಲ. ಅವತ್ತು ಬುತ್ತಿ ಬಿಚ್ಚಲೇ ಇಲ್ಲ.

ವಾರ್ಷಿಕ ದಿನ ಹತ್ತಿರ ಬಂದಿತ್ತು. ಅದೇ ವಾರ ಕಾರ್ಖಾನೆಯವರು ತಮ್ಮ ತೊಟ್ಟಿಗಳನ್ನೆಲ್ಲ ಒಟ್ಟಿಗೇ ಖಾಲಿಮಾಡಿದರಂತೆ. ಬೆಳಗಾಗುವಷ್ಟರಲ್ಲಿ ಹೊಳೆಯ ತುಂಬ ಮೀನು, ಹೊಟ್ಟೆ ಮೇಲಾಗಿ. ನೀರು ಕಾಣದ ಹಾಗೆ ಬೆಳ್ಳಗೆ ಹಾಸಿಕೊಂಡಿದ್ದವು. ಬಿಸಿಲೇರಿದಂತೆ ಹೊಟ್ಟೆಗಳು ಉಬ್ಬಿ ಒಂದೊಂದೇ ಒಡೆಯತೊಡಗಿದವು. ಮೆತ್ತಗೆ, ಯಾರೋ ಬಾಯಿ ಚಪ್ಪರಿಸಿದ ಹಾಗೆ ಸದ್ದು. ವಾಸನೆ ಬೀದಿಗೆ ಬಂತು, ಅಡುಗೆಮನೆಗೆ ಬಂತು, ಒಣಹಾಕಿದ ಬಟ್ಟೆಗೆ ಹತ್ತಿತು. ಜನ ಸೆರಗು ಕರವಸ್ತ್ರ ಮೂಗಿಗೆ ಒತ್ತಿಕೊಂಡು ದಡಕ್ಕೆ ಬಂದು ನೋಡಿ ಹೋದರು. ಸಭೆಯ ಒಬ್ಬ ಮುದುಕಿ, "ಫರೋಹ ರಾಜನ ಪಾಪಕ್ಕೆ ಮೋಶೆ ಕೋಲಲ್ಲಿ ಹೊಡೆದ ಹೊಳೆ ಹೀಗೇ ನಾರಿರಬೇಕು" ಅಂದಳು. ಅಲ್ಲೇ ನಿಂತಿದ್ದ ಮೀನಕ್ಕನ ಅಣ್ಣ ಅವಳತ್ತ ತಿರುಗಿ, "ಸುಮ್ನಿರಿ ಅಜ್ಜಿ. ಅದನ್ನ ಹೇಳಿದ್ರೆ ಆಮೇಲೆ ಇಲ್ಲಿ ಫರೋಹ ಯಾರು ಅಂತ ಕೇಳ್ತಾರೆ" ಅಂದ. ಕೆಲವರು ನಕ್ಕರು.

ಅಣ್ಣ ಮಾರುಕಟ್ಟೆಯ ಗುತ್ತಿಗೆದಾರ, ಸಭೆಯ ಹಿರಿಯ. ಅಪ್ಪ ಸತ್ತ ಮೇಲೆ ತಂಗಿಯ ಮದುವೆ ಮಾಡಿಸಿದವನು ಅವನೇ. ಅವನಿಗೆ ಏನನ್ನೂ ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಅವತ್ತು ಮಧ್ಯಾಹ್ನದೊಳಗೆ ಅವನ ಕೂಲಿಯವರು ದೋಣಿ ಇಳಿಸಿ, ಒಡೆಯದೆ ಉಳಿದ ಮೀನುಗಳನ್ನು ಬುಟ್ಟಿಗಟ್ಟಲೆ ಬಾಚಿ ಐಸಿನ ಶೆಡ್ಡಿಗೆ ಸಾಗಿಸಿದರು. ಶೆಡ್ಡಿನಲ್ಲಿ ಡ್ರಮ್ಮಿನ ನೀರಿಗೆ ಒಂದು ಔಷಧಿ ಬೆರೆಸಿ ಮೀನನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದರು. ಹೆಣ ಕೆಡದಂತೆ ಇಡುವ ಔಷಧಿ ಅದು. ಅದರ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅದ್ದಿದ ಮೀನು ಸೆಟೆದುಕೊಂಡು ಹೊಸದರ ಹಾಗೆ ಮಿಂಚುತ್ತಿತ್ತು. ದೊಡ್ಡವು ಪೇಟೆಯ ಹೋಟೆಲುಗಳಿಗೆ ಹೋದವು. ಉಳಿದವನ್ನು ಅಣ್ಣ ಸಭೆಯ ಊಟಕ್ಕೆ ಕಾಣಿಕೆಯಾಗಿ ಕೊಟ್ಟ.

ಊಟದ ಹಿಂದಿನ ದಿನ ಅವನು ತಂಗಿಯ ಮನೆ ಬಾಗಿಲಿಗೆ ಬಂದ. ಗಂಡ ಜಗಲಿಯಲ್ಲಿ ಬಲೆ ಬಿಡಿಸುತ್ತ ಕೂತಿದ್ದ.

"ಬುಟ್ಟಿಗಳು ಬಂದಿವೆ. ನಿನ್ನ ಚಾಕು ಮಸೆದ್ಕೊಂಡು ಬಾ" ಅಂದ ಅಣ್ಣ.

"ಯಾವ ಮೀನು ಅಣ್ಣ?"

"ಮೀನು ಅಂದ್ರೆ ಮೀನು."

"ತೇಲಿದ್ದಾ?"

"ತೊಳೆದು ಐಸಲ್ಲಿ ಇಟ್ಟಿದೀನಿ. ಮಸಾಲೆ ಬಿದ್ದ ಮೇಲೆ ಯಾರಿಗೆ ಗೊತ್ತಾಗುತ್ತೆ?"

"ಅದು ಎಲ್ಲರಿಗೂ ಗೊತ್ತು. ಇಡೀ ಊರು ಮೂಗು ಮುಚ್ಕೊಂಡು ನಿಂತು ನೋಡಿದೆ."

"ಗೊತ್ತಿದ್ರೂ ತಿಂತಾರೆ. ಬೀದೀಲಿರೋವ್ರು, ಎಲ್ಲಾ ಅರಗಿಸ್ಕೋತಾರೆ" ಅಂದ ಅಣ್ಣ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

"ನನ್ನ ಕೈಲಿ ಆಗಲ್ಲ ಅಣ್ಣ."

ಅವನು ಮಾತು ಬೆಳೆಸದೆ ಹೋದ. ಸ್ವಲ್ಪ ಹೊತ್ತಿಗೆ ಪಾಸ್ಟರನ್ನು ಕರೆದುಕೊಂಡು ಬಂದ. ಪಾಸ್ಟರು ಇನ್ನೂ ಚಿಕ್ಕ ವಯಸ್ಸಿನವರು, ಮೆದು ಮಾತಿನವರು. ಮನೆಯೊಳಗೆ ಕೂತು, ನೀರು ಕೇಳಿ ಕುಡಿದು, ಕರ್ತನ ಶಿಷ್ಯ ಪೇತ್ರನ ದರ್ಶನದ ಕಥೆ ತೆಗೆದರು. ಆಕಾಶದಿಂದ ದೊಡ್ಡ ದುಪ್ಪಟಿ ಇಳಿದದ್ದು, ಅದರೊಳಗೆ ಎಲ್ಲ ಬಗೆಯ ಪ್ರಾಣಿಗಳಿದ್ದದ್ದು, ಎದ್ದು ತಿನ್ನು ಎಂದು ದೇವರು ಹೇಳಿದಾಗ ಪೇತ್ರ ಹೇಸಿದ್ದು, ತಾನು ಶುದ್ಧ ಮಾಡಿದ್ದನ್ನು ಹೊಲಸು ಅನ್ನಬಾರದೆಂದು ದೇವರು ಅವನನ್ನು ತಿದ್ದಿದ್ದು. "ಹೇಸಿಗೆ ಕೂಡ ಒಂದು ಥರದ ಅಹಂಕಾರ ಕಣಮ್ಮ. ಪ್ರಾರ್ಥನೆ ಮಾಡಿ ಕೆಲಸ ಶುರುಮಾಡಿ. ಕಾಣಿಕೆಯನ್ನ ದೇವರು ಶುದ್ಧ ಮಾಡ್ತಾನೆ" ಅಂದರು.

"ಅಯ್ಯನವರೇ, ಆ ದುಪ್ಪಟೀಲಿ ಇದ್ದದ್ದು ಜೀವ ಇರೋವು" ಅಂದಳು ಮೀನಕ್ಕ. "ಇವು ಸತ್ತು ತೇಲಿದ್ವು."

ಕಿಟಕಿಯಿಂದ ಹೊಳೆಯ ಗಾಳಿ ಬೀಸಿತು. ಪಾಸ್ಟರು ಜೇಬಿನಿಂದ ಕರ್ಚೀಫು ತೆಗೆದು ಬೆವರು ಒರೆಸುವವರ ಹಾಗೆ ಮೂಗಿಗೆ ಹಿಡಿದರು, ಮತ್ತೆ ಕೆಳಗಿಳಿಸಲಿಲ್ಲ. ಕರ್ಚೀಫಿನ ಹಿಂದಿನಿಂದಲೇ, "ಸಭೆಯ ಸಮಾಧಾನ ಮುಖ್ಯ ಅಲ್ವಾ" ಅಂದರು. ಮೀನಕ್ಕ ಆ ಕರ್ಚೀಫನ್ನೇ ನೋಡುತ್ತ ಕೂತಳು. ಹಸಿರು ಅಂಚಿನ, ಇಸ್ತ್ರಿ ಮಾಡಿದ ಬಿಳಿ ಕರ್ಚೀಫು.

ಕೊನೆಗೆ ಅವಳು ಹೋದಳು. ಅಣ್ಣನ ಮಾತನ್ನು ಹುಟ್ಟಿದಾಗಿನಿಂದ ಮೀರಿದವಳಲ್ಲ. ಗಂಡ, "ಬೇಡ ಅನ್ನಿಸಿದ್ರೆ ಬೇಡ" ಅಂದ. ಅವಳು, "ಮನೆತನದ ಕೆಲಸ, ಬೇರೆಯವರ ಕೈಗೆ ಹೋಗಬಾರದು" ಎಂದು ತನಗೇ ರುಚಿಸದ ಒಂದು ಮಾತು ಹೇಳಿ ಚಾಕು ತೆಗೆದುಕೊಂಡಳು.

ಮಾರುಕಟ್ಟೆಯ ಮಾಡಿನಡಿ ಬೇರೆ ಯಾರೂ ಇರಲಿಲ್ಲ. ಅವಳು ಬಟ್ಟೆಯಿಂದ ಮೂಗು ಬಾಯಿ ಬಿಗಿದುಕೊಂಡಳು. ಕಸುಬಿಗೆ ಬಂದ ಮೇಲೆ ಅದೇ ಮೊದಲು. ಔಷಧಿಯಲ್ಲಿ ಸೆಟೆದ ಮೀನು ಹೊರಗೆ ಗಟ್ಟಿ, ಚಾಕು ಒಳಗೆ ಹೋದರೆ ಗಂಜಿ. ಕಿವಿರು ಕೀಳಲು ಹೋದರೆ ಇಡೀ ತಲೆ ಕಳಚಿ ಕೈಗೆ ಬರುತ್ತಿತ್ತು. ಮಾಂಸ ಮುಳ್ಳು ಬಿಟ್ಟು ಜಾರುತ್ತಿತ್ತು. ಅವಳು ಕಣ್ಣು ಅರ್ಧ ಮುಚ್ಚಿ, ಮನಸ್ಸಲ್ಲಿ ಕರ್ತನ ಪ್ರಾರ್ಥನೆ ಹೇಳಿಕೊಳ್ಳುತ್ತ ಕೊಯ್ದಳು. ದಿನದಿನದ ಆಹಾರ ಬೇಡುವ ಜಾಗಕ್ಕೆ ಬಂದಾಗಲೆಲ್ಲ ನಾಲಿಗೆ ತಡೆಯುತ್ತಿತ್ತು. ಮತ್ತೆ ಮೊದಲಿಂದ ಶುರುಮಾಡುತ್ತಿದ್ದಳು.

ಹೀಗೆ ಕೊಯ್ಯುತ್ತಿರುವಾಗ ಐಸಿನ ಶೆಡ್ಡಿನ ಕೂಲಿಯವನು ಇನ್ನೊಂದು ಬುಟ್ಟಿ ಹೊತ್ತು ತಂದು ಪಕ್ಕದ ಚಪ್ಪಡಿಯ ಮೇಲೆ ಇಟ್ಟ. ಒದ್ದೆ ಗೋಣಿ ಮುಚ್ಚಿತ್ತು. ಅವಳು ಕೈ ಚಾಚಿದಾಗ, "ಅದು ಬೇರೆ ಅಕ್ಕ. ಅದನ್ನ ಇದರ ಜೊತೆ ಸೇರಿಸಬೇಡಿ. ಚಾಕು ತೊಳೆದು ಆಮೇಲೆ ಕೊಯ್ಯಬೇಕಂತೆ" ಅಂದ.

"ಏನದು?"

"ಕೆರೆಮೀನು. ಬೆಳಗ್ಗೆ ಹಿಡಿಸಿದ್ದು. ಒಳಗೆ ಮೇಜಿನ ಮೇಲೆ ಊಟ ಇರುತ್ತಲ್ಲ, ಹಿರಿಯರಿಗೆ, ಅಯ್ಯನವರಿಗೆ, ಕಾರ್ಖಾನೆಯವರಿಗೆ. ಅದಕ್ಕೆ."

"ಮತ್ತೆ ಇದು?"

"ಇದು ಹೊರಗೆ ಅಂಗಳದಲ್ಲಿ ಕೂರೋವ್ರಿಗೆ" ಅಂದ ಅವನು, ಇದರಲ್ಲೇನು ಕೇಳುವುದಿದೆ ಅನ್ನುವ ಹಾಗೆ.

ಮೀನಕ್ಕ ಗೋಣಿ ಸರಿಸಿ ನೋಡಿದಳು. ಕೆರೆಮೀನು ಇನ್ನೂ ಕಿವಿರು ಆಡಿಸುತ್ತಿದ್ದವು, ಒಳಗೆ ರಕ್ತ ಕೆಂಪಗೆ ಕಾಣುತ್ತಿತ್ತು. ಅವಳು ಗೋಣಿಯನ್ನು ಮತ್ತೆ ಮುಚ್ಚಿದಳು. ಮೂಗಿನ ಬಟ್ಟೆ ಬಿಚ್ಚುವಷ್ಟೂ ಪುರಸೊತ್ತಾಗಲಿಲ್ಲ. ಹೊಟ್ಟೆಯಲ್ಲಿದ್ದದ್ದೆಲ್ಲ ಆ ಬಟ್ಟೆಯೊಳಗೇ, ಕೊಯ್ದಿಟ್ಟ ತುಂಡುಗಳ ಮೇಲೆಯೇ ಬಂತು. ಕೂಲಿಯವನು ಹಿಂದೆ ಸರಿದು ಬೈಗುಳ ನುಂಗಿಕೊಂಡ.

ಅವಳು ನಲ್ಲಿ ಬಿಟ್ಟು ಮುಖ ತೊಳೆದಳು, ಬಾಯಿ ಮುಕ್ಕಳಿಸಿದಳು. ಆಮೇಲೆ ನೆಲ ತೊಳೆಯಲು ಇಟ್ಟಿದ್ದ ಫಿನಾಯಿಲಿನ ಕ್ಯಾನು ಎತ್ತಿಕೊಂಡು ಬಂದು, ಅಂಗಳದವರ ಬುಟ್ಟಿಗಳ ಮೇಲೆ ಒಂದೊಂದಕ್ಕೂ ಸುರಿದಳು. ಕೊಯ್ದದ್ದಕ್ಕೂ ಕೊಯ್ಯದ್ದಕ್ಕೂ. ಮೀನಿನ ಮೇಲೆ ಹಾಲಿನಂಥ ನೀರು ಇಳಿದು ಮೋರಿಗೆ ಹರಿಯಿತು. ಕೆರೆಮೀನಿನ ಬುಟ್ಟಿಯನ್ನು ಅವಳು ಮುಟ್ಟಲಿಲ್ಲ.

ಕೂಲಿಯವನು ಓಡಿಹೋಗಿ ಹೇಳಿದ್ದರಿಂದ ಅಣ್ಣ ಬಂದ. ಅವನು ಕೂಗಾಡಲಿಲ್ಲ. ಬುಟ್ಟಿಗಳನ್ನು ಒಂದು ಸುತ್ತು ನೋಡಿ, "ದೇವರ ಕಾಣಿಕೆ ಹಾಳುಮಾಡಿದೆ" ಅಂದ.

ಮೀನಕ್ಕ ಬುಟ್ಟಿಯಲ್ಲಿ ಕೈಹಾಕಿ ಒಂದು ತಲೆ ಎತ್ತಿ, ಕಿವಿರು ಬಿಡಿಸಿ ಅವನ ಮುಖದ ಹತ್ತಿರ ಹಿಡಿದಳು. ಅವನು ಥಟ್ಟನೆ ಮುಖ ತಿರುಗಿಸಿದ.

"ನೋಡಿದ್ಯಾ, ನಿನ್ನ ಮೂಗಿಗೂ ಗೊತ್ತು" ಅಂದಳು. "ನಿನಗೆ ಆಗದ್ದನ್ನ ದೇವರಿಗೆ ಹೆಂಗೆ ಕೊಡ್ತೀಯ ಅಣ್ಣ?"

"ನಾಳೆಯಿಂದ ಈ ಚಪ್ಪಡಿ ನಿನ್ನದಲ್ಲ" ಅಂದ ಅವನು. ಅಷ್ಟೇ.

ಮರುದಿನ ಅವಳು ಎಂದಿನಂತೆ ಮಿಂದು ಚರ್ಚಿಗೆ ಹೋಗಿ ಕಿಟಕಿ ಪಕ್ಕ ಕೂತಳು. ಗಂಡನೂ ಜೊತೆಗೆ ಬಂದ. ಪಾಸ್ಟರು ಪ್ರವಾದಿ ಯೆಹೆಜ್ಕೇಲನ ದರ್ಶನದ ಮೇಲೆ ಪ್ರಸಂಗ ಮಾಡಿದರು. ದೇವಾಲಯದ ಹೊಸ್ತಿಲಿನ ಕೆಳಗಿಂದ ನೀರು ಹೊರಡುತ್ತದೆ, ಅದು ಹೊಳೆಯಾಗುತ್ತದೆ, ಹೊಳೆ ಹೋದಲ್ಲೆಲ್ಲ ಎಲ್ಲವೂ ಬದುಕುತ್ತದೆ, ಅದರ ತುಂಬ ಮೀನಿರುತ್ತದೆ. ಮಾತು ಚೆನ್ನಾಗಿತ್ತು. ಆದರೆ ಹೊರಗಿನ ಹೊಳೆ ಒಳಗೆ ಬರುತ್ತಿತ್ತು. ಕಾರ್ಖಾನೆಯವರು ಕೊಡಿಸಿದ ಫ್ಯಾನುಗಳು ಆ ನಾತವನ್ನು ಎತ್ತಿ ಎಲ್ಲ ಬೆಂಚುಗಳಿಗೂ ಸಮನಾಗಿ ಹಂಚುತ್ತಿದ್ದವು. ಅತ್ತಿಗೆ ಎದ್ದು ಕಿಟಕಿಗಳನ್ನು ಮುಚ್ಚಿಸಿದಳು. ಇನ್ಯಾರೋ ಗುಲಾಬಿ ವಾಸನೆಯ ಸ್ಪ್ರೇ ಹೊಡೆದರು. ಗುಲಾಬಿ ಹೋಗಿ ಕೊಳೆತದ್ದರ ಮೇಲೆ ಕೂತಿತು. ಈಗ ಎರಡೂ ಸೇರಿ ಗಂಟಲಿಗೆ ಅಂಟುತ್ತಿತ್ತು. ಜನ ಕಣ್ಣು ಮುಚ್ಚಿ ಆಮೆನ್ ಅಂದರು. ಪ್ರಾರ್ಥನೆಗೆ ಮುಚ್ಚಿದ ಕಣ್ಣು ಎಷ್ಟು, ಹೊಗೆಗೆ ಮುಚ್ಚಿದ ಹಾಗೆ ಮುಚ್ಚಿದ ಕಣ್ಣು ಎಷ್ಟು ಎಂದು ಮೀನಕ್ಕನಿಗೆ ತಿಳಿಯಲಿಲ್ಲ.

ಕರ್ತನ ಭೋಜನದ ಹೊತ್ತು ಬಂತು. ಸಾಲಾಗಿ ಮುಂದೆ ಹೋಗಿ ಮೊಣಕಾಲೂರಿದರೆ ಒಬ್ಬ ಹಿರಿಯರು ಕರ್ತನ ದೇಹವೆಂದು ರೊಟ್ಟಿಯ ತುಂಡು ಕೊಡುತ್ತಾರೆ, ಹಿಂದೆಯೇ ಪಾಸ್ಟರು ದ್ರಾಕ್ಷಾರಸದ ಪಾತ್ರೆ ಹಿಡಿದು ಬರುತ್ತಾರೆ. ಅವತ್ತು ರೊಟ್ಟಿಯ ತಟ್ಟೆ ಹಿಡಿದಿದ್ದವನು ಅಣ್ಣ. ಮೀನಕ್ಕ ಮೊಣಕಾಲೂರಿ ಬಾಯಿ ತೆರೆದಳು. ಅಣ್ಣನ ಬೆರಳು ರೊಟ್ಟಿ ಹಿಡಿದು ಹತ್ತಿರ ಬಂತು. ಬೆರಳಲ್ಲಿ ಶೆಡ್ಡಿನ ಔಷಧಿಯ ಘಾಟಿತ್ತು. ಎಷ್ಟು ತೊಳೆದರೂ ಅದು ಹೋಗುವುದಿಲ್ಲ, ಅವಳಿಗೆ ಗೊತ್ತು. ಅವಳ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅಣ್ಣ ಮೆಲ್ಲಗೆ, "ತಗೋ" ಅಂದ. ಅವಳು ಎದ್ದು, ಎಲ್ಲರೂ ನೋಡುತ್ತಿರುವಂತೆ, ನಡುದಾರಿಯಲ್ಲಿ ನಡೆದು ಹೊರಗೆ ಹೋದಳು.

ಹಿಂದೆಯೇ ಗಂಡ ಬಂದ. ಅವಳು ದಡದ ಗೋಡೆ ಹಿಡಿದು ಬರಿ ಹೊಟ್ಟೆಯಿಂದ ಕಾರುತ್ತಿದ್ದಳು.

"ಒಳಗೆ ಎಲ್ಲ ಅಂತಿದಾರೆ, ನೀನು ಕರ್ತನನ್ನೇ ಬೇಡ ಅಂದೆ ಅಂತ" ಅಂದ ಅವನು.

"ಕರ್ತನನ್ನಲ್ಲ ರೀ. ಆ ಬೆರಳನ್ನ."

ಅವನು ಅವಳ ಬೆನ್ನು ಸವರಿದ. ಅವಳು ಮುಖ ಒರೆಸಿಕೊಂಡು, ಚಿಕ್ಕಂದಿನಲ್ಲಿ ಭಾನುವಾರದ ಪಾಠದಲ್ಲಿ ಕೇಳಿದ್ದನ್ನು ಹೇಳಿದಳು. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ, ಉಗುರುಬೆಚ್ಚಗಿರುವ ಸಭೆಯನ್ನು ಬಾಯಿಂದ ಕಾರಿಬಿಡುತ್ತೇನೆ ಎಂದು ದೇವರು ಹೇಳುವುದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿದೆ. ದೇವರಿಗೂ ವಾಕರಿಕೆ ಬರುತ್ತಾ ಟೀಚರ್ ಎಂದು ಇವಳು ಕೇಳಿದ್ದಕ್ಕೆ ಆ ಟೀಚರು ಕಿವಿ ಹಿಂಡಿದ್ದರು.

"ಬರುತ್ತೆ ಕಣ್ರೀ" ಅಂದಳು. "ಬಂದಿರಲೇಬೇಕು. ಇಷ್ಟು ದಿನ ನನಗೇ ಬಂದಿರ್ಲಿಲ್ಲ, ಅದೇ ತಪ್ಪು. ಹೇಸಿಗೆ ಇಲ್ಲದೋಳು ಅಂತ ಜಂಬ ಕೊಚ್ಕೊಂಡು ಓಡಾಡ್ತಿದ್ದೆ."

ಊಟದ ಹೊತ್ತಿಗೆ ಅಂಗಳ ತುಂಬಿತು. ಟಾರ್ಪಾಲು ಹಾಸಿ ಜನ ಕೂತಿದ್ದರು. ಮೂಟೆ ಹೊರುವವರು, ಕಸ ಗುಡಿಸುವವರು, ಸೇತುವೆಯ ಕೆಳಗೆ ಮಲಗುವವರು. ಅವರಿಗೆ ರೊಟ್ಟಿ ಮತ್ತು ಆಲೂಗಡ್ಡೆ ಪಲ್ಯ ಬಡಿಸಿದರು. "ಕೆಲವು ಅನಿವಾರ್ಯ ಕಾರಣಗಳಿಂದ ಈ ಸಲ ಮೀನು ಇಲ್ಲ" ಎಂದು ಪಾಸ್ಟರು ಮೈಕಿನಲ್ಲಿ ಹೇಳಿ ಒಳಗೆ ಹೋದರು. ಕಾರಣ ಯಾರು ಅನ್ನುವುದು ಅದಾಗಲೇ ಅಂಗಳಕ್ಕೆ ತಲುಪಿತ್ತು. ಮೂಟೆ ಹೊರುವ ಒಬ್ಬ ಮೀನಕ್ಕನನ್ನು ಕಂಡು, "ವರ್ಷಕ್ಕೊಂದು ಸಲ ತಿನ್ನೋ ಮೀನಿಗೂ ಕಲ್ಲು ಹಾಕಿದ್ರಲ್ಲ ತಾಯಿ" ಅಂದ.

"ವಿಷ ಇತ್ತಪ್ಪ ಅದರಲ್ಲಿ."

"ನಾವು ದಿನಾ ಕುಡಿಯೋದು ಅದೇ ಹೊಳೆ ನೀರು. ಅದಕ್ಕೆ ಯಾರೂ ಫಿನಾಯಿಲ್ ಹಾಕಲಿಲ್ಲ" ಅಂದು ಅವನು ರೊಟ್ಟಿ ಹರಿದು ಬಾಯಿಗಿಟ್ಟ.

ಚರ್ಚಿನ ಒಳಕೋಣೆಯಿಂದ ಕೆರೆಮೀನು ಕರಿಯುವ ಘಮ ಬಂತು. ಒಳ್ಳೆಯ ವಾಸನೆ. ಅಂಗಳದಲ್ಲಿ ಕೂತವರೆಲ್ಲ ಒಮ್ಮೆಗೇ ತಲೆ ಎತ್ತಿ ಬಾಗಿಲ ಕಡೆ ನೋಡಿದರು. ಒಳಗಿನವರು ಬಾಗಿಲು ಎಳೆದುಕೊಂಡರು. ಆ ಒಳ್ಳೆಯ ಘಮವೇ ಅವಳಿಗೆ ಕೊಳೆತದ್ದಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸಿತು. ಅವಳು ಮನೆಗೆ ನಡೆದಳು.

ಆಮೇಲೆ ಆದದ್ದನ್ನು ಹೇಳುವುದಾದರೆ, ಪೇಟೆಯಲ್ಲಿ ಹೋಟೆಲಿನ ಮೀನು ತಿಂದ ಹಲವರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ಒಬ್ಬ ಮುದುಕ ಉಳಿಯಲಿಲ್ಲ. ನೀರಿನ ದೋಷ ಎಂದು ಎಲ್ಲರೂ ಒಪ್ಪಿಕೊಂಡರು. ಮುಂದಿನ ಭಾನುವಾರ ರೋಗಿಗಳಿಗಾಗಿ ಪ್ರಾರ್ಥನೆ ನಡೆಸಿಕೊಟ್ಟವನು ಅಣ್ಣ, ಅದೂ ಗದ್ಗದ ಕಂಠದಿಂದ. ಕಾರ್ಖಾನೆಯವರು ಕೊಳವೆಯನ್ನು ಕಣ್ಣಿಗೆ ಬೀಳದ ಹಾಗೆ ನೀರಿನಡಿಗೆ ಇಳಿಸಿದರು. ಅಣ್ಣ ಮತ್ತೆ ಹಿರಿಯನಾಗಿ ಆರಿಸಿ ಬಂದ. ಮೀನಕ್ಕ ಸಭೆಯ ಮುಂದೆ ನಿಂತು ಕ್ಷಮೆ ಕೇಳುವ ತನಕ ಕರ್ತನ ಭೋಜನಕ್ಕೆ ಬರುವಂತಿಲ್ಲ ಎಂದು ತೀರ್ಮಾನವಾಯಿತು. ಅವಳು ಕೇಳಲಿಲ್ಲ.

ಅವಳು ಸೇತುವೆಯ ಹತ್ತಿರ ಹಲಗೆ ಹಾಕಿಕೊಂಡು ಕೂತಳು. ಗಂಡ ದೂರದ ಕೆರೆಗಳಿಂದ ಸೈಕಲ್ಲಿನಲ್ಲಿ ಮೀನು ತರುತ್ತಿದ್ದ. ಒಂದು ದಿನ ಪಾಸ್ಟರು ಅಲ್ಲಿಗೆ ಬಂದರು. ಅವರಿಗೆ ವರ್ಗವಾಗಿತ್ತು, ಸಾಮಾನು ಲಾರಿಗೆ ಹತ್ತಿಸಿ ಬಂದಿದ್ದರು. ಹಲಗೆಯ ಮುಂದೆ ನಿಂತು, "ಅವತ್ತು ನನಗೂ ವಾಸನೆ ಬಂದಿತ್ತಮ್ಮ" ಅಂದರು.

"ಗೊತ್ತು ಅಯ್ಯನವರೇ. ಕರ್ಚೀಫು ನೋಡಿದ್ದೆ."

"ಹೇಳೋಕೆ ಧೈರ್ಯ ಬರಲಿಲ್ಲ."

"ಈಗ ಹೇಳಿದ್ರಲ್ಲ. ಲಾರಿ ಹೊರಡೋ ಹೊತ್ತಿಗೆ" ಅಂದಳು ಅವಳು. ಒರಟಾಗಿ ಅನ್ನಬೇಕೆಂದಿರಲಿಲ್ಲ, ಬಾಯಿಗೆ ಹಾಗೇ ಬಂತು. ಅವರು ತಲೆಯಾಡಿಸಿ ಹೋದರು. ಅವರ ಮೇಲೆ ಕನಿಕರ ಹುಟ್ಟಬೇಕಿತ್ತು ಎಂದು ಅವಳಿಗೆ ಅನ್ನಿಸಿತು. ಹುಟ್ಟಲಿಲ್ಲ. ಒಣಗಿದ ಲೋಳೆಯ ಹಾಗೆ ಏನೋ ಅಂಗೈಯಲ್ಲಿ ಉಳಿಯಿತು.

ಸೇತುವೆಯಾಚೆ ಒಂದು ಸಣ್ಣ ಸಭೆ ಇತ್ತು. ಬಾಡಿಗೆಯ ಗೋದಾಮು, ಬೆಂಚೂ ಇಲ್ಲ. ಗಂಡ ಹೆಂಡತಿ ಅಲ್ಲಿಗೆ ಹೋಗತೊಡಗಿದರು. ಅಲ್ಲಿ ಕರ್ತನ ಭೋಜನದ ರೊಟ್ಟಿ ಕೈಯಿಂದ ಕೈಗೆ ಬರುತ್ತಿತ್ತು. ಅವಳ ಪಕ್ಕ ಕೂತವನು ಸೈಕಲ್ ರಿಪೇರಿಯವನು. ಉಗುರ ತುಂಬ ಗ್ರೀಸು. ಅವನು ತುಂಡು ಮುರಿದು ಅವಳ ಕೈಗೆ ಕೊಟ್ಟಾಗ ರೊಟ್ಟಿಯ ಮೇಲೆ ಹೆಬ್ಬೆರಳಿನ ಕಪ್ಪು ಗುರುತು ಮೂಡಿತ್ತು. ಅವನು ಸಂಕೋಚದಿಂದ, "ತೊಳೆದೆ ಅಕ್ಕ, ಹೋಗಲ್ಲ" ಅಂದ. ಅವಳು ಆ ಗುರುತಿನ ಸಮೇತ ತಿಂದಳು. ಹೊಟ್ಟೆ ಏನೂ ಅನ್ನಲಿಲ್ಲ.

ಆಮೇಲೊಂದು ಮಧ್ಯಾಹ್ನ ಬಿಸಿಲಲ್ಲಿ ಅತ್ತಿಗೆ ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಬುಟ್ಟಿಗೆ ಬಟ್ಟೆ ಮುಚ್ಚಿಕೊಂಡು, ಅಂಗಡಿಯಂಗಡಿ ನೋಡುವವಳ ಹಾಗೆ ಸುತ್ತಿ ಹಲಗೆಯ ಮುಂದೆ ನಿಂತಳು.

"ಕೆರೇದೇ ತಾನೇ?" ಅಂದಳು.

"ಕೆರೇದೇ ಅತ್ತಿಗೆ."

"ನಿಮ್ಮಣ್ಣ ಈಗ ಹೊಳೆಮೀನು ಮುಟ್ಟಲ್ಲ. ಶೆಡ್ಡಿಂದು ತಂದ್ರೆ ತಟ್ಟೆ ಎತ್ತಿ ಎಸೀತಾರೆ. ಎಲ್ಲಿ ತಂದೆ ಅಂತ ಕೇಳಿದ್ರೆ ನಿನ್ನ ಹೆಸರು ಹೇಳಲ್ಲ, ನೀನೂ ಹೇಳಬೇಡ."

ಮೀನಕ್ಕ ಅವಳ ಮುಖ ನೋಡಿದಳು. ಊರಿಗೆಲ್ಲ ಹೊಳೆಮೀನು ಮಾರುವವನು ಮನೆಯಲ್ಲಿ ತಂಗಿಯ ಕೈಯ ಮೀನು ತಿನ್ನಲಿದ್ದಾನೆ, ಅದೂ ತಿಳಿಯದೆ. ಇಲ್ಲ ಅನ್ನಬಹುದಿತ್ತು. ಅವಳು ದೊಡ್ಡದೊಂದು ಮೀನು ಆರಿಸಿ, ಪರೆ ಹೆರೆದು, ಕಿವಿರು ಕಿತ್ತು, ಬೆನ್ನಿನ ರಕ್ತದ ಎಳೆಯನ್ನೂ ಉಗುರಿನಿಂದ ಕೆರೆದು ತೆಗೆದು, ನೀರು ತಿಳಿಯಾಗುವ ತನಕ ತೊಳೆದು ಬುಟ್ಟಿಗೆ ಹಾಕಿದಳು. ಅತ್ತಿಗೆ ವಾರಕ್ಕೊಮ್ಮೆ ಬರತೊಡಗಿದಳು.

"ಯಾಕೆ ಕೊಡ್ತೀಯ?" ಎಂದು ಗಂಡ ಕೇಳಿದ.

"ಹಸಿದು ಬಂದೋರಿಗೆ ಯಾರು ಏನು ಅಂತ ಕೇಳಬಾರದು, ಅದಕ್ಕೆ" ಅಂದಳು. ಚಾಕು ಒರೆಸಿಟ್ಟು, "ಆದ್ರೆ ಪ್ರತಿ ಸಲ ಅವರು ಹೋದ ಮೇಲೆ ವಾಕರಿಕೆ ಬರುತ್ತೆ. ಅದು ಹೋಗದೇ ಇರಲಿ ಅಂತ ಬೇಡ್ಕೋತೀನಿ."

ಹಾಗೆಂದು ಹೇಳಿ, ಹಲಗೆಯ ಮೇಲೆ ಒಂದು ಕೊಡ ನೀರು ಸುರಿದು ಉಜ್ಜತೊಡಗಿದಳು.